ಯುದ್ಧ ಮುಗೀತು, ಇನ್ನು ಮಾತುಕತೆ: ಕಾಲೇಜಿನಲ್ಲಿ ಅಣಕು ಶಾಂತಿ ಸಮ್ಮೇಳನ ನಡೆಸುವುದು ಹೇಗೆ?

"ಸರ್, ಅಣಕು ಸಂಸತ್ತು ನಮಗ ಗೊತ್ತೈತ್ರಿ. ಈ ಶಾಂತಿ ಸಮ್ಮೇಳನ ಹೆಂಗ್ ಮಾಡಸೂದು?"

ವಿಜಯಪುರ, ಜಮಖಂಡಿ, ಗೋಕಾಕ ಕಡೆ ಇತಿಹಾಸ ಕಲಿಸುವ ಗೆಳೆಯರು ಫೋನ್ ಮಾಡಿದಾಗಲೆಲ್ಲ ಇದೇ ಪ್ರಶ್ನೆ. ಈಗೀಗ ವಿದ್ಯಾರ್ಥಿಗಳೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಅರ್ಧ ತಾಸು ಹೇಳಿ ಹೇಳಿ ಗಂಟಲು ಒಣಗಿತು. ಅದಕ್ಕೇ ಒಮ್ಮೆ ಬರೆದೇ ಬಿಡೋಣ ಅಂತ ಕೂತಿದ್ದೇನೆ. ವಿದ್ಯಾರ್ಥಿಗಳು ಒಂದೊಂದು ದೇಶದ ಪಾತ್ರ ಹಾಕಿ, ಮುಗಿದ ಯುದ್ಧವೊಂದರ ಒಪ್ಪಂದವನ್ನು ತಾವೇ ಕೂತು ಮಾಡುವ ಆಟ ಇದು.

ಯುದ್ಧದ ಪಾಠವನ್ನು ನಾವು ಯಾರು ಗೆದ್ದರು ಅನ್ನುವಲ್ಲಿಗೆ ಮುಗಿಸಿಬಿಡುತ್ತೇವೆ. ಒಪ್ಪಂದ ಅನ್ನುವುದು ಐದು ಅಂಕದ ಪ್ರಶ್ನೆ. "ಷರತ್ತುಗಳನ್ನು ಪಟ್ಟಿ ಮಾಡಿ" ಅಂತ. ಹುಡುಗರು ಪಟ್ಟಿ ಮಾಡುತ್ತಾರೆ, ನಾವು ಅಂಕ ಕೊಡುತ್ತೇವೆ. ಆದರೆ ಆ ಷರತ್ತನ್ನು ಮರುದಿನ ಬೆಳಿಗ್ಗೆ ಜಾರಿ ಮಾಡುವವರು ಯಾರು? ಅವರು ಬರದಿದ್ದರೆ? ಅಣಕು ಸಮ್ಮೇಳನ ಮಾಡಿಸುವುದು ಈ ಒಂದು ಪ್ರಶ್ನೆಗಾಗಿ. ಕೆಳಗಿನ ಹಂತಗಳಲ್ಲೆಲ್ಲ ಇದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತದೆ. ಬಂದಾಗ ಅದನ್ನು ದಾಟಿ ಹೋಗಲು ಬಿಡಬೇಡಿ.

ಏನೇನು ಬೇಕು?

24ರಿಂದ 30 ವಿದ್ಯಾರ್ಥಿಗಳು ಸಾಕು. ಎರಡು ಪೂರ್ತಿ ದಿನ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ನಾಲ್ಕು ಶನಿವಾರದ ಮಧ್ಯಾಹ್ನ. ಒಂದು ದೊಡ್ಡ ಕೋಣೆ, ಅದಕ್ಕೆ ಅಂಟಿಕೊಂಡ ಎರಡು ಚಿಕ್ಕ ಕೋಣೆ ಬೇಕು. ಅಂಗಡಿಯಲ್ಲಿ ಸಿಗುವ ಯುರೋಪಿನ ಖಾಲಿ ನಕಾಶೆ ಹತ್ತು ಪ್ರತಿ, ಬಣ್ಣದ ಪೆನ್ಸಿಲ್, ಅಂಟಿಸಿದ ಲಕೋಟೆಗಳು, ಬಾರಿಸಲು ಒಂದು ಗಂಟೆ, ಗೋಡೆ ಗಡಿಯಾರ. ಮೊಬೈಲ್ ಹಾಕಿಡಲು ಒಂದು ಬುಟ್ಟಿ. ಪ್ರಾಂಶುಪಾಲರ ಅನುಮತಿಯನ್ನು ಬಾಯಿಮಾತಿನಲ್ಲಿ ತೆಗೆದುಕೊಳ್ಳಬೇಡಿ, ಕಾಗದದ ಮೇಲೆ ತೆಗೆದುಕೊಳ್ಳಿ. ಹುಡುಗರು ಮೇಜು ಕುಟ್ಟಿ ಕೂಗುವ ದಿನ ಅದು ಕೆಲಸಕ್ಕೆ ಬರುತ್ತದೆ.

ಹಂತ 1: ಯಾವ ಯುದ್ಧ ಅಂತ ಮೊದಲು ನಿರ್ಧರಿಸಿ

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಒಂದೇ: ಮೊದಲ ಮಹಾಯುದ್ಧ, 1919ರ ಪ್ಯಾರಿಸ್ ಸಮ್ಮೇಳನ. ಪಠ್ಯದಲ್ಲಿ ಹೇಗೂ ಇದೆ. ಜನವರಿ 18ಕ್ಕೆ ಶುರುವಾಗಿ ಜೂನ್ 28ಕ್ಕೆ ವರ್ಸೇಲ್ಸ್‌ನ ಕನ್ನಡಿಗಳ ಸಭಾಂಗಣದಲ್ಲಿ ಸಹಿ ಆಯಿತು. ಗೆದ್ದವರ ಒಳಜಗಳ, ಸೋತವರ ಸಿಟ್ಟು, ದುಡ್ಡು, ಗಡಿ, ಎಲ್ಲ ಒಂದೇ ಕಡೆ ಸಿಗುತ್ತದೆ. ದೂರದ ಕಥೆಯೂ ಅಲ್ಲ. ಬೆಳಗಾವಿಯಲ್ಲಿ ತರಬೇತಿ ಕೇಂದ್ರ ಇರುವ ಮರಾಠಾ ಲಘು ಪದಾತಿದಳದ ತುಕಡಿಗಳು ಆಗ ಮೆಸೊಪೊಟೇಮಿಯಾದಲ್ಲಿ, ಅಂದರೆ ಈಗಿನ ಇರಾಕಿನಲ್ಲಿ ಕಾದಿದ್ದವು. 1916ರ ಏಪ್ರಿಲ್‌ನಲ್ಲಿ ಕುತ್ ಪಟ್ಟಣದಲ್ಲಿದ್ದ ಬ್ರಿಟಿಷ್ ಸೈನ್ಯ ಟರ್ಕರಿಗೆ ಶರಣಾದಾಗ ಸೆರೆಸಿಕ್ಕವರಲ್ಲಿ ಮರಾಠಾ ಸಿಪಾಯಿಗಳೂ ಇದ್ದರು.

ಸ್ಥಳೀಯ ವಿಷಯವೇ ಬೇಕು ಅನ್ನುವವರಿಗೆ ಎರಡು ದಾರಿ ಇವೆ. ವಿಜಯಪುರದವರು 1636ರ ಒಪ್ಪಂದ ತೆಗೆದುಕೊಳ್ಳಬಹುದು. ಮೊಗಲರು ದಂಡೆತ್ತಿ ಬಂದಾಗ ಮುಹಮ್ಮದ್ ಆದಿಲ್‌ಶಾಹ ಶಾಹಜಹಾನನ ಮೇಲಾಧಿಕಾರ ಒಪ್ಪಿದ, 20 ಲಕ್ಷ ರೂಪಾಯಿ ಕೊಡಲು ಒಪ್ಪಿದ, ಬದಲಿಗೆ ಅಹ್ಮದ್‌ನಗರ ರಾಜ್ಯದಲ್ಲಿ ಪಾಲು ಪಡೆದ. ಉತ್ತರದ ಕಾಟ ತಪ್ಪಿದ್ದರಿಂದ ದಕ್ಷಿಣಕ್ಕೆ ರಾಜ್ಯ ಹಿಗ್ಗಿಸಿದ. ಅವನು ಸತ್ತ ಮರುವರ್ಷವೇ, 1657ರಲ್ಲಿ, ಔರಂಗಜೇಬ ದಾಳಿಗೆ ಬಂದ. 1686ಕ್ಕೆ ವಿಜಯಪುರವೇ ಬಿತ್ತು. ಆ ಒಪ್ಪಂದ ಮಾಡಿಕೊಂಡ ಸುಲ್ತಾನ ಮಲಗಿರುವುದು ಗೋಳಗುಮ್ಮಟದ ಕೆಳಗೇ. ಹುಡುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಪಾಠ ಶುರು ಮಾಡಬಹುದು. ಬಾಗಲಕೋಟೆಯವರಿಗೆ 1787ರ ಗಜೇಂದ್ರಗಡ ಒಪ್ಪಂದ ಇದೆ. ಟಿಪ್ಪು ಒಂದು ಕಡೆ, ಮರಾಠರು ಮತ್ತು ನಿಜಾಮ ಇನ್ನೊಂದು ಕಡೆ, ನಡುವೆ ಬಾದಾಮಿ ಕೋಟೆ. ಎರಡಕ್ಕೂ ಓದು ಜಾಸ್ತಿ ಬೇಕು, ಕಾಗದಪತ್ರ ಸುಲಭಕ್ಕೆ ಸಿಗುವುದಿಲ್ಲ. ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಎಚ್ಚರಿಕೆ: ಈಗ ನಡೆಯುತ್ತಿರುವ ಯುದ್ಧ ಬೇಡ. ಭಾರತ–ಪಾಕಿಸ್ತಾನವೂ ಬೇಡ. ಪಾಕಿಸ್ತಾನದ ಪಾತ್ರ ಸಿಕ್ಕ ಹುಡುಗ ಚೆನ್ನಾಗಿ ವಾದ ಮಾಡಿದರೆ ಅವನಿಗೆ ಕ್ಯಾಂಟೀನಿನಲ್ಲಿ ಕಷ್ಟ, ಮಾಡದಿದ್ದರೆ ನಿಮ್ಮ ಸಮ್ಮೇಳನಕ್ಕೆ ಕಷ್ಟ.

ಹಂತ 2: ಕದನವಿರಾಮ ಬೇರೆ, ಶಾಂತಿ ಬೇರೆ

ಬಹಳ ಜನ ಎಡವುವುದು ಇಲ್ಲೇ. ಕದನವಿರಾಮ ಅಂದರೆ ಗುಂಡು ಹಾರಿಸುವುದನ್ನು ನಿಲ್ಲಿಸುವುದು, ಅಷ್ಟೇ. ಇಬ್ಬರ ಸೈನಿಕರೂ ಬಂದೂಕು ಹಿಡಿದುಕೊಂಡೇ ಇರುತ್ತಾರೆ. ಶಾಂತಿ ಒಪ್ಪಂದ ಅಂದರೆ ಜಗಳದ ವಿಷಯಗಳನ್ನೇ ಕೂತು ಬಗೆಹರಿಸುವುದು. 1918ರ ನವೆಂಬರ್ 11ರಂದು ಆದದ್ದು ಮೊದಲನೆಯದು, 1919ರ ಜೂನ್ 28ರಂದು ಆದದ್ದು ಎರಡನೆಯದು. ಕೊರಿಯಾದಲ್ಲಿ 1953ರ ಜುಲೈ 27ರಂದು ಕದನವಿರಾಮ ಆಯಿತು. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ.

ಹಾಗಾಗಿ ಮೊದಲ ದಿನ ಬೆಳಿಗ್ಗೆ ಎಲ್ಲರ ಕೈಗೂ ಒಂದು ಪುಟದ ಟಿಪ್ಪಣಿ ಕೊಡಿ: ಕದನವಿರಾಮದ ಹೊತ್ತಿಗೆ ಯಾರ ಸೈನ್ಯ ಎಲ್ಲಿತ್ತು, ಯಾರ ಬಳಿ ಊಟ ಇತ್ತು, ಯಾರ ಬಳಿ ಇರಲಿಲ್ಲ. ಜರ್ಮನ್ ಸೈನ್ಯ ಆಗ ಇನ್ನೂ ಬೇರೆಯವರ ನೆಲದ ಮೇಲಿತ್ತು. ಅವರ ಊರಿನ ಬಹುಪಾಲು ಜನ ಶತ್ರು ಸೈನ್ಯವನ್ನು ಕಣ್ಣಿಂದ ನೋಡಿರಲಿಲ್ಲ. "ನಾವು ಸೋತಿಲ್ಲ, ನಮಗೆ ಮೋಸ ಆಯ್ತು" ಅನ್ನುವ ಮಾತಿಗೆ ಬೀಜ ಬಿದ್ದದ್ದು ಅಲ್ಲೇ. ಇನ್ನೊಂದು ಕಡೆ, ಬ್ರಿಟನ್ನಿನ ಸಮುದ್ರ ದಿಗ್ಬಂಧನ, ಅಂದರೆ ಹಡಗುಗಳನ್ನು ತಡೆದು ಆಹಾರ ಬರದಂತೆ ಮಾಡುವುದು, ಕದನವಿರಾಮ ಆದ ಮೇಲೂ ಮುಂದುವರೆದು 1919ರ ಜುಲೈ ತನಕ ಪೂರ್ತಿ ತೆರವಾಗಲಿಲ್ಲ. ಹಸಿದವನ ಜೊತೆ ಚೌಕಾಸಿ ನಡೆದಿತ್ತು. ಇದನ್ನು ತಿಳಿಯದೆ ಮೇಜಿಗೆ ಕೂತರೆ ಆಟ ಸುಮ್ನೆ ಭಾಷಣ ಸ್ಪರ್ಧೆ ಆಗುತ್ತದೆ.

ಹಂತ 3: ಪಾತ್ರ ಹಂಚುವುದು, ಗುಟ್ಟಿನ ಲಕೋಟೆ ಕೊಡುವುದು

30 ಜನ ಇದ್ದರೆ ನಾನು ಹೀಗೆ ಹಂಚುತ್ತೇನೆ: ಫ್ರಾನ್ಸ್ 4, ಬ್ರಿಟನ್ 4, ಅಮೆರಿಕ 4, ಇಟಲಿ 3, ಜಪಾನ್ 2, ಚೀನಾ 2, ಪೋಲೆಂಡ್ 2, ಭಾರತ 2, ಜರ್ಮನಿ 5, ಬರೆದುಕೊಳ್ಳುವ ಕಾರ್ಯದರ್ಶಿಗಳು 2. ಚೆನ್ನಾಗಿ ಮಾತಾಡುವವರನ್ನೆಲ್ಲ ಅಮೆರಿಕಕ್ಕೆ ಹಾಕಬೇಡಿ. ಗಟ್ಟಿ ಹುಡುಗಿಯೊಬ್ಬಳನ್ನು ಜರ್ಮನಿಗೆ ಹಾಕಿ. ಲೆಕ್ಕ ಚೆನ್ನಾಗಿ ಬರುವ ವಾಣಿಜ್ಯ ವಿಭಾಗದವರು ಇಬ್ಬರಾದರೂ ಬೇಕು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಪ್ರತಿ ತಂಡಕ್ಕೂ ಅಂಟಿಸಿದ ಲಕೋಟೆ ಕೊಡಿ. ಒಳಗೆ ಮೂರೇ ಸಾಲು: ಸಿಗಲೇಬೇಕಾದದ್ದು, ಸಿಕ್ಕರೆ ಒಳ್ಳೆಯದು, ಬಿಟ್ಟುಕೊಡಬಹುದಾದದ್ದು. ಮೂರನೆಯ ಸಾಲು ಇಲ್ಲದ ಲಕೋಟೆ ಕೊಟ್ಟರೆ ಎರಡು ದಿನ ಬರೀ ಜಗಳ.

ಫ್ರಾನ್ಸಿನ ಲಕೋಟೆಯ ಉದಾಹರಣೆ ನೋಡಿ. ಸಿಗಲೇಬೇಕಾದದ್ದು: ಅಲ್ಸಾಸ್–ಲೊರೇನ್ ವಾಪಸ್ ಬರಬೇಕು, ರೈನ್ ನದಿಯ ದಂಡೆಯಲ್ಲಿ ಜರ್ಮನ್ ಸೈನ್ಯ ಇರಬಾರದು. ಬಿಟ್ಟುಕೊಡಬಹುದಾದದ್ದು: ರೈನ್ ಸೀಮೆಯನ್ನು ಜರ್ಮನಿಯಿಂದಲೇ ಕಿತ್ತು ಬೇರೆ ಮಾಡುವ ಬೇಡಿಕೆ. ಆದರೆ ಸುಮ್ನೆ ಬಿಡುವುದಲ್ಲ. ಮತ್ತೆ ಜರ್ಮನಿ ಏರಿ ಬಂದರೆ ಬ್ರಿಟನ್ ಮತ್ತು ಅಮೆರಿಕ ಓಡಿ ಬರುತ್ತೇವೆ ಅಂತ ಬರೆದುಕೊಡಬೇಕು. ಫ್ರಾನ್ಸಿನ ಪ್ರಧಾನಿ ಕ್ಲೆಮಾನ್ಸೊ ನಿಜವಾಗಿ ಮಾಡಿದ ವ್ಯಾಪಾರ ಇದೇ. ಆ ಭರವಸೆ ಪತ್ರದ ಗತಿ ಏನಾಯಿತು ಅಂತ ಹಂತ 8ರಲ್ಲಿ ಹೇಳುತ್ತೇನೆ. ಫ್ರಾನ್ಸ್ ತಂಡಕ್ಕೆ ಈಗಲೇ ಹೇಳಬೇಡಿ.

ಇಟಲಿಯವರ ಲಕೋಟೆಯಲ್ಲಿ ಫಿಯೂಮೆ ಬಂದರು ಇರಲಿ. ಇಟಲಿಯನ್ನು ಯುದ್ಧಕ್ಕೆ ಇಳಿಸಲು ಮಾಡಿಕೊಂಡ 1915ರ ಗುಪ್ತ ಲಂಡನ್ ಒಪ್ಪಂದದಲ್ಲಿ ಅದನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ, ಆದರೂ ಕೇಳಿದರು, ಸಿಗಲಿಲ್ಲ ಅಂತ ಪ್ರಧಾನಿ ಒರ್ಲಾಂಡೊ ಏಪ್ರಿಲ್‌ನಲ್ಲಿ ಸಭೆ ಬಿಟ್ಟು ಎದ್ದು ಹೋದರು. ನಿಮ್ಮ ಇಟಲಿಯೂ ಒಮ್ಮೆ ಎದ್ದು ಹೋಗುತ್ತದೆ. ಹೋಗಲಿ. ಯಾರೂ ಕರೆಯಲು ಹೋಗದಿದ್ದಾಗ ವಾಪಸ್ ಬರುವ ಮುಜುಗರವೂ ಪಾಠವೇ.

ಭಾರತದ ಪಾತ್ರದವರು ಕೇಳುವುದು ಒಂದೇ: "ನಮ್ದು ಏನ್ ಕೆಲಸಾ ಐತ್ರಿ ಅಲ್ಲಿ?" ಒಳ್ಳೆಯ ಪ್ರಶ್ನೆ. 10 ಲಕ್ಷಕ್ಕೂ ಹೆಚ್ಚು ಭಾರತೀಯರು ಹೊರದೇಶಗಳಿಗೆ ಹೋಗಿ ಆ ಯುದ್ಧದಲ್ಲಿ ದುಡಿದಿದ್ದರು. ಹಾಗಾಗಿ ಭಾರತಕ್ಕೆ ಪ್ರತ್ಯೇಕ ಕುರ್ಚಿ ಸಿಕ್ಕಿತು. ಆದರೆ ವರ್ಸೇಲ್ಸ್ ಒಪ್ಪಂದಕ್ಕೆ ಭಾರತದ ಪರವಾಗಿ ಸಹಿ ಹಾಕಿದವರು ಬ್ರಿಟಿಷ್ ಮಂತ್ರಿ ಮಾಂಟೆಗ್ಯು ಮತ್ತು ಬಿಕಾನೇರಿನ ಮಹಾರಾಜ ಗಂಗಾಸಿಂಗ್. ಕುರ್ಚಿ ಇತ್ತು, ಬಾಯಿ ಇರಲಿಲ್ಲ. ಈ ಇಬ್ಬರಿಗೆ ಬ್ರಿಟನ್ನಿನ ಅನುಮತಿ ಇಲ್ಲದೆ ಮತ ಹಾಕುವಂತಿಲ್ಲ ಅಂತ ನಿಯಮ ಮಾಡಿ. ಮಧ್ಯಾಹ್ನದೊಳಗೆ ಅವರಿಗೆ ಎಷ್ಟು ಸಿಟ್ಟು ಬರುತ್ತದೆ ನೋಡಿ.

ಹಂತ 4: ಕುರ್ಚಿ, ಮೇಜು, ನಿಯಮ

ಇದು ಸಣ್ಣ ವಿಷಯ ಅನಿಸುತ್ತದೆ, ಅಲ್ವಾ? ವಿಯೆಟ್ನಾಂ ಯುದ್ಧದ ಪ್ಯಾರಿಸ್ ಮಾತುಕತೆಯಲ್ಲಿ ಮೇಜು ಯಾವ ಆಕಾರದ್ದಿರಬೇಕು ಅಂತ ವಾರಗಟ್ಟಲೆ ಜಗ್ಗಾಡಿ, 1969ರ ಜನವರಿಯಲ್ಲಿ ಒಂದು ದುಂಡು ಮೇಜಿಗೆ ಒಪ್ಪಿದರು. ಮೇಜಿನ ಎದುರು ಯಾರಿಗೆ ಸಮಾನ ಜಾಗ ಸಿಗುತ್ತದೋ ಅವರನ್ನು ಒಪ್ಪಿಕೊಂಡಂತೆ ಆಗುತ್ತದೆ ಅನ್ನುವುದೇ ತಕರಾರು. 1648ರ ವೆಸ್ಟ್‌ಫಾಲಿಯಾ ಶಾಂತಿಗಾಗಿ ಮ್ಯೂನ್‌ಸ್ಟರ್, ಓಸ್ನಾಬ್ರುಕ್ ಅಂತ ಎರಡು ಬೇರೆ ಊರುಗಳಲ್ಲೇ ಕೂತರು.

ನೀವು ಮುಖ್ಯ ಮೇಜಿಗೆ ನಾಲ್ಕೇ ಕುರ್ಚಿ ಹಾಕಿ: ಫ್ರಾನ್ಸ್, ಬ್ರಿಟನ್, ಅಮೆರಿಕ, ಇಟಲಿ. ಪ್ಯಾರಿಸ್ಸಿನಲ್ಲಿ ಮಾರ್ಚ್ ಕೊನೆಯಿಂದ ನಡೆದದ್ದು ಹೀಗೇ. ಉಳಿದವರು ಚೀಟಿ ಕಳಿಸಿ, ಕರೆದಾಗ ಬಂದು ಹೇಳಿ ಹೋಗಬೇಕು. ಜರ್ಮನಿಯ ಐವರನ್ನು ಬೇರೆ ಕೋಣೆಯಲ್ಲಿ ಕೂರಿಸಿ. ಅವರಿಗೆ ಎರಡನೇ ದಿನದವರೆಗೆ ಒಳಗೆ ಪ್ರವೇಶ ಇಲ್ಲ.

ಎಚ್ಚರಿಕೆ: ಜರ್ಮನಿ ತಂಡ ಸುಮ್ನೆ ಕೂತು ಬೇಜಾರಾಗಿ ಚಹಾ ಕುಡಿಯಲು ಹೋಗಿಬಿಡುತ್ತದೆ. ಮೊದಲ ವರ್ಷ ನನಗೆ ಆದದ್ದು ಅದೇ. ಅವರಿಗೆ ಕೆಲಸ ಕೊಡಿ. ಒಳಗೆ ಏನು ಷರತ್ತು ಬರಬಹುದು ಅಂತ ಊಹಿಸಿ, ಪ್ರತಿಯೊಂದಕ್ಕೂ ಉತ್ತರ ಬರೆದಿಡಲಿ. ಇಬ್ಬರು "ಸಹಿ ಹಾಕೋಣ" ಅನ್ನುವವರು, ಇಬ್ಬರು "ಹಾಕಬಾರದು" ಅನ್ನುವವರು, ಒಬ್ಬರು ನಡುವೆ.

ಇನ್ನೊಂದು ಎಚ್ಚರಿಕೆ ಕೋಣೆಯ ಬಗ್ಗೆ. ಪಕ್ಕದ ಕೋಣೆಯ ಗುಟ್ಟಿನ ಮಾತು ಕಿಟಕಿಯಿಂದ ಕೇಳಬಾರದು. ವಿಜಯಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಪಿಸುಮಾತು ಎಷ್ಟು ದೂರ ಹೋಗುತ್ತದೆ ಅಂತ ತೋರಿಸುವ ಗುಮ್ಮಟವೇ ಊರಲ್ಲಿದೆ.

ಎರಡು ತಂಡಗಳು ಮುಖ ನೋಡುವುದಿಲ್ಲ ಅಂತ ಹಟ ಹಿಡಿದರೆ? ಕಾರ್ಯದರ್ಶಿಯೊಬ್ಬರು ಕೋಣೆಯಿಂದ ಕೋಣೆಗೆ ಚೀಟಿ ಒಯ್ಯಲಿ. 1995ರ ನವೆಂಬರ್‌ನಲ್ಲಿ ಬೋಸ್ನಿಯಾ ಯುದ್ಧದ ಮೂವರು ನಾಯಕರನ್ನು ಅಮೆರಿಕದ ಡೇಟನ್ ವಾಯುನೆಲೆಯಲ್ಲಿ ಮೂರು ವಾರ ಇರಿಸಿಕೊಂಡು, ಮಧ್ಯಸ್ಥರು ಹೀಗೇ ಓಡಾಡಿ ಒಪ್ಪಿಸಿದರು. ನಮ್ಮ ಕಡೆ ಅಣ್ಣ ತಮ್ಮ ಮಾತು ಬಿಟ್ಟಾಗ ಹಿರಿಯರು ಈ ಮನೆಯಿಂದ ಆ ಮನೆಗೆ ಓಡಾಡುವುದಿಲ್ಲವೇ, ಹಾಗೆ.

ಹಂತ 5: ಯಾವ ವಿಷಯ ಮೊದಲು?

ಕೈದಿಗಳು, ಗಡಿ, ದುಡ್ಡು, ಸೈನ್ಯದ ಮಿತಿ. ಈ ಕ್ರಮ ಬದಲಿಸಬೇಡಿ. ದುಡ್ಡಿನಿಂದ ಶುರು ಮಾಡಿದರೆ ದುಡ್ಡಿನಲ್ಲೇ ಮುಗಿಯುತ್ತದೆ.

ಯುದ್ಧಕೈದಿಗಳ ವಿಷಯ ಬೇಗ ಮುಗಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೊರಿಯಾದಲ್ಲಿ ಮಾತುಕತೆ ವರ್ಷಕ್ಕೂ ಮೇಲೆ ಸಿಕ್ಕಿಕೊಂಡದ್ದು ಅಲ್ಲೇ. ಊರಿಗೆ ಮರಳಲು ಒಲ್ಲೆ ಅನ್ನುವ ಕೈದಿಯನ್ನು ಏನು ಮಾಡಬೇಕು? 22 ಸಾವಿರಕ್ಕೂ ಹೆಚ್ಚು ಜನ ಹಾಗೆ ಅಂದಿದ್ದರು. ಕೊನೆಗೆ ಅವರನ್ನು ನೋಡಿಕೊಳ್ಳಲು ತಟಸ್ಥ ದೇಶಗಳ ಆಯೋಗ ಮಾಡಿದರು. ಅದರ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ, ಕಾವಲಿಗೆ ಭಾರತದ ಸೈನಿಕರು. ಈ ಪ್ರಶ್ನೆಯನ್ನು ನಿಮ್ಮ ತಂಡಗಳ ಮುಂದೆ ಇಡಿ, ಅರ್ಧ ತಾಸು ಕೊಡಿ.

ಗಡಿಗೆ ಪೂರ್ತಿ ಎರಡು ತಾಸು ಬೇಕು. ನಕಾಶೆಯ ಮೇಲೆ ಗೆರೆ ಎಳೆಯುವುದು ಹುಡುಗರಿಗೆ ಬಹಳ ಇಷ್ಟ, ಪಟ್ಟಂತ ಎಳೆದುಬಿಡುತ್ತಾರೆ. ತಡೆಯಿರಿ. ಪ್ರತಿ ಗೆರೆಗೂ ನಾಲ್ಕು ಪ್ರಶ್ನೆ ಕೇಳಿ: ಈ ಕಡೆ ಯಾವ ಭಾಷೆಯ ಜನ ಇದ್ದಾರೆ? ರೈಲು ಯಾವ ಕಡೆ ಹೋಗುತ್ತದೆ? ಸಂತೆ ಯಾವ ಊರಲ್ಲಿ? ನೀರು ಎಲ್ಲಿಂದ? ಹೊಲ ವಾಟ್ನಿ, ಅಂದರೆ ಪಾಲು, ಮಾಡುವಾಗ ಬಾವಿಯನ್ನೂ ದಾರಿಯನ್ನೂ ಬರೆಯುವುದು ಮರೆತರೆ ಏನಾಗುತ್ತದೆ ಅಂತ ಇಲ್ಲಿನ ಮಕ್ಕಳಿಗೆ ಗೊತ್ತು. ಆ ಹೋಲಿಕೆ ಕೊಟ್ಟರೆ ತಕ್ಷಣ ಹೊಳೆಯುತ್ತದೆ.

ಪೋಲೆಂಡಿನ ಪ್ರಶ್ನೆ ಇದಕ್ಕೆ ಸರಿಯಾದ ಕಸರತ್ತು. ಹೊಸ ದೇಶಕ್ಕೆ ಸಮುದ್ರ ಬೇಕು. ಸಮುದ್ರದ ಬಳಿ ಇರುವ ದೊಡ್ಡ ಬಂದರು ಡಾನ್‌ಜಿಗ್, ಅಲ್ಲಿರುವವರು ಬಹುಪಾಲು ಜರ್ಮನ್ನರು. ಪ್ಯಾರಿಸ್ಸಿನಲ್ಲಿ ಅದನ್ನು ಯಾರಿಗೂ ಕೊಡದೆ, ರಾಷ್ಟ್ರಸಂಘದ ನೆರಳಿನಲ್ಲಿ ಸ್ವತಂತ್ರ ನಗರ ಮಾಡಿದರು. ರಾಷ್ಟ್ರಸಂಘ ಅಂದರೆ ವಿಶ್ವಸಂಸ್ಥೆಗೆ ಮೊದಲಿದ್ದ ಸಂಸ್ಥೆ, ಅದಕ್ಕೆ ಸ್ವಂತ ಸೈನ್ಯ ಇರಲಿಲ್ಲ. ಡಾನ್‌ಜಿಗ್‌ಗೆ ಏನಾದರೂ ಆದರೆ ಬಂದು ನಿಲ್ಲುವವರು ಯಾರು? 1939ರ ಸೆಪ್ಟೆಂಬರ್ 1ರಂದು ಎರಡನೇ ಮಹಾಯುದ್ಧದ ಮೊದಲ ಗುಂಡುಗಳು ಹಾರಿದ ಜಾಗಗಳಲ್ಲಿ ಅದೂ ಒಂದು.

ಹಾಗಂತ ಎಲ್ಲ ಗೆರೆಗಳೂ ಕೆಟ್ಟವಲ್ಲ. ಡೆನ್ಮಾರ್ಕ್ ಮತ್ತು ಜರ್ಮನಿಯ ನಡುವಿನ ಷ್ಲೆಸ್ವಿಗ್ ಸೀಮೆಯಲ್ಲಿ 1920ರಲ್ಲಿ ಜನಮತಗಣನೆ ನಡೆಯಿತು, ಅಂದರೆ ಯಾವ ದೇಶ ಬೇಕು ಅಂತ ಅಲ್ಲಿನ ಜನರನ್ನೇ ಮತ ಹಾಕಿಸಿ ಕೇಳಿದರು. ಎರಡು ವಲಯ ಮಾಡಿದರು. ಉತ್ತರದವರು ಡೆನ್ಮಾರ್ಕ್ ಅಂದರು, ದಕ್ಷಿಣದವರು ಜರ್ಮನಿ ಅಂದರು. ಆ ಗೆರೆ ಇವತ್ತಿಗೂ ಹಾಗೇ ಇದೆ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಸುದ್ದಿಯಾಗದ ಗಡಿ ನೋಡಿ.

ಬೆಳಗಾವಿಯವರಿಗೆ ವಿಶೇಷ ಎಚ್ಚರಿಕೆ: ಗಡಿ ಅಂದ ಕೂಡಲೇ ಚರ್ಚೆ ಪೋಲೆಂಡಿನಿಂದ ಜಿಗಿದು ಮಹಾಜನ್ ವರದಿಗೆ ಬಂದು ನಿಲ್ಲುತ್ತದೆ. ತರಗತಿಯಲ್ಲಿ ಕನ್ನಡ, ಮರಾಠಿ ಎರಡೂ ಮನೆಮಾತಿನ ಮಕ್ಕಳಿರುತ್ತಾರೆ. ಮೊದಲೇ ನಿಯಮ ಹೇಳಿ, ಎರಡು ದಿನ 1919 ಬಿಟ್ಟು ಬೇರೆ ಇಸವಿ ಬಾಯಿಗೆ ಬರಬಾರದು ಅಂತ. ಬಂದರೆ ಆ ತಂಡಕ್ಕೆ ಐದು ನಿಮಿಷ ಮಾತು ಬಂದ್.

ಹಂತ 6: ದುಡ್ಡು

ಲೆಕ್ಕ ಬರುವವರು ಬೇಕು ಅಂದೆನಲ್ಲ, ಇಲ್ಲಿಗೆ. ಯುದ್ಧ ಪರಿಹಾರ ಅಂದರೆ ಮಾಡಿದ ಹಾನಿಗೆ ಸೋತವರು ಕಟ್ಟಿಕೊಡುವ ಹಣ. ಮೊದಲು "ನೀನು ಹೊಣೆ" ಅಂತ ಬರೆಸಿಕೊಳ್ಳಬೇಕು. ಅದಕ್ಕೇ ಬಂದದ್ದು ಪ್ರಸಿದ್ಧ ಕಲಂ 231. ಅದರಲ್ಲಿ 'ಅಪರಾಧ' ಅನ್ನುವ ಪದವೇ ಇಲ್ಲ. ಹಾನಿಗೆ ಜರ್ಮನಿ ಮತ್ತು ಅದರ ಜೊತೆಗಾರರು ಹೊಣೆ ಅನ್ನುವ ಕಾನೂನು ಮಾತು ಅದು. ಆಸ್ಟ್ರಿಯಾ, ಹಂಗೇರಿಗಳ ಒಪ್ಪಂದದಲ್ಲೂ ಅಂಥದೇ ಕಲಂ ಇದೆ. ಆದರೆ ಜರ್ಮನ್ನರ ಕಿವಿಗೆ "ನೀನೇ ಪಾಪಿ" ಅಂತ ಕೇಳಿಸಿತು. ಬರೆದವನ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಓದುವವನಿಗೆ ಕಾಣುವುದಿಲ್ಲ ಅಂತ ನಿಮ್ಮ ಕರಡು ತಂಡಕ್ಕೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಇನ್ನು ಮೊತ್ತ. ವರ್ಸೇಲ್ಸ್‌ನಲ್ಲಿ ಮೊತ್ತವನ್ನೇ ಬರೆಯಲಿಲ್ಲ! ಆಯೋಗಕ್ಕೆ ಬಿಟ್ಟರು. 1921ರಲ್ಲಿ 13,200 ಕೋಟಿ ಚಿನ್ನದ ಮಾರ್ಕ್ ಅಂತ ಹೇಳಿದರು. ಅದನ್ನು ಎ, ಬಿ, ಸಿ ಅಂತ ಮೂರು ಬಗೆಯ ಬಾಂಡ್, ಅಂದರೆ ಸಾಲಪತ್ರ, ಮಾಡಿದರು. ಸಿ ಬಾಂಡಿನಲ್ಲೇ 8,200 ಕೋಟಿ. ಜರ್ಮನಿಗೆ ಶಕ್ತಿ ಬಂದಾಗ ನೋಡೋಣ ಅಂತ ಇಟ್ಟ ಹಣ ಅದು. ಊರಲ್ಲಿ "ನೋಡ್ರಿ, ಎಷ್ಟು ವಸೂಲು ಮಾಡ್ತೀವಿ" ಅಂತ ತೋರಿಸಲು ದೊಡ್ಡ ಅಂಕಿ, ಒಳಗೆ ನಿಜವಾದ ಸಾಲ 5,000 ಕೋಟಿ. ಮುಂದೆ ಕಲ್ಲಿದ್ದಲು, ಮರದ ಬಾಕಿ ಬರಲಿಲ್ಲ ಅಂತ 1923ರ ಜನವರಿಯಲ್ಲಿ ಫ್ರಾನ್ಸ್, ಬೆಲ್ಜಿಯಂ ಸೈನ್ಯ ಜರ್ಮನಿಯ ರೂರ್ ಕಣಿವೆಗೆ ನುಗ್ಗಿತು. ಜರ್ಮನ್ ನೋಟು ರದ್ದಿಯಾಗುವ ವೇಗ ಅದರಿಂದ ಇನ್ನೂ ಹೆಚ್ಚಿತು.

ಇದರ ಪಕ್ಕದಲ್ಲಿ 1792ರ ಶ್ರೀರಂಗಪಟ್ಟಣ ಒಪ್ಪಂದ ಇಟ್ಟು ತೋರಿಸಿ. ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕಾಯಿತು. ಅರ್ಧ ಹಣ ಕೈಮೇಲೆ, ಉಳಿದದ್ದು ಕಂತಿನಲ್ಲಿ. ಕಂತು ತಪ್ಪದಿರಲು ಇಬ್ಬರು ಎಳೆಯ ಗಂಡುಮಕ್ಕಳನ್ನು ಕಾರ್ನ್‌ವಾಲಿಸ್‌ಗೆ ಒತ್ತೆ ಕೊಡಬೇಕಾಯಿತು. ಹಣ ಸಂದ ಮೇಲೆ 1794ರಲ್ಲಿ ಮಕ್ಕಳು ಮರಳಿದರು. ಕ್ರೂರ, ಒಪ್ಪೋಣ. ಆದರೆ ಮೊತ್ತ ಗೊತ್ತಿತ್ತು, ಕಂತು ಗೊತ್ತಿತ್ತು, ಕೊಡದಿದ್ದರೆ ಏನು ಅನ್ನುವುದೂ ಗೊತ್ತಿತ್ತು. ಆ ಒಪ್ಪಂದವೂ 1799ರ ಯುದ್ಧವನ್ನು ತಪ್ಪಿಸಲಿಲ್ಲ ಅನ್ನುವುದನ್ನು ಮುಚ್ಚಿಡಬೇಡಿ.

ನಿಮ್ಮ ತಂಡಗಳು ಮೂರು ಖಾನೆ ತುಂಬದೆ ಹಂತ 6 ದಾಟುವಂತಿಲ್ಲ: ಎಷ್ಟು, ಯಾವಾಗ, ಕೊಡದಿದ್ದರೆ ಏನು. ಮೂರನೇ ಖಾನೆಯಲ್ಲಿ ಎಲ್ಲರೂ "ಕಠಿಣ ಕ್ರಮ ಕೈಗೊಳ್ಳಲಾಗುವುದು" ಅಂತ ಬರೆಯುತ್ತಾರೆ. ಹೊಡೆದು ಹಾಕಿ. ಯಾವ ದೇಶದ ಎಷ್ಟು ಸೈನಿಕರು, ಎಷ್ಟು ದಿನ, ಅವರ ಊಟದ ಖರ್ಚು ಯಾರದು ಅಂತ ಬರೆಸಿ. ಮೊತ್ತ ತಾನಾಗೇ ಇಳಿಯುತ್ತದೆ.

ಸೈನ್ಯದ ಮಿತಿಗೆ ಹೆಚ್ಚು ಹೊತ್ತು ಬೇಡ. ಜರ್ಮನಿಗೆ ಹಾಕಿದ ಒಂದು ಲಕ್ಷ ಸೈನಿಕರು ಅನ್ನುವ ಮಿತಿಯನ್ನು ಓದಿ ಹೇಳಿ, ಎಣಿಸಲು ಹೋಗುವವರು ಯಾರು ಅಂತ ಕೇಳಿ ಮುಂದೆ ಹೋಗಿ.

ಹಂತ 7: ಕರಡು ಬರೆದು ಸೋತವರ ಕೈಗೆ ಕೊಡುವುದು

ಎರಡನೇ ದಿನ ಬೆಳಿಗ್ಗೆ ಇಬ್ಬರು ಕಾರ್ಯದರ್ಶಿಗಳು ಎಲ್ಲವನ್ನೂ ಕಲಂ ಕಲಂ ಆಗಿ ಬರೆಯಬೇಕು. ವರ್ಸೇಲ್ಸ್‌ಗೆ 440 ಕಲಂ ಇದ್ದವು, ನಿಮಗೆ 20 ಸಾಕು. "ಸಾಧ್ಯವಾದಷ್ಟು ಬೇಗ", "ಸೂಕ್ತ ರೀತಿಯಲ್ಲಿ", "ಪರಸ್ಪರ ಒಪ್ಪಿಗೆಯಿಂದ" ಅನ್ನುವ ಮಾತುಗಳಿಗೆ ನಿಷೇಧ ಹಾಕಿ. 1967ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಪಶ್ಚಿಮ ಏಷ್ಯಾದ ಬಗ್ಗೆ 242ನೇ ನಿರ್ಣಯ ಮಾಡಿತು. ಇಸ್ರೇಲ್ ಸೈನ್ಯ ಹಿಂದೆ ಸರಿಯಬೇಕಾದದ್ದು ಆಕ್ರಮಿತ ಪ್ರದೇಶಗಳಿಂದಲೋ, ಆಕ್ರಮಿತ ಪ್ರದೇಶಗಳೆಲ್ಲದರಿಂದಲೋ? ಇಂಗ್ಲಿಷ್ ಪ್ರತಿ ಒಂದು ಥರ ಓದಿಸುತ್ತದೆ, ಫ್ರೆಂಚ್ ಪ್ರತಿ ಇನ್ನೊಂದು ಥರ. ಜಗಳ ಮುಗಿದಿಲ್ಲ. ಕೆಲವೊಮ್ಮೆ ಒಪ್ಪಿಗೆ ಸಿಗಲಿ ಅಂತಲೇ ಹೀಗೆ ಮಸುಕಾಗಿ ಬರೆಯುತ್ತಾರೆ, ಅದು ನಿಜ. ನಿಮ್ಮ ಹುಡುಗರು ಬರೆದದ್ದು ಬೇಕಂತಲೋ ಗೊತ್ತಾಗದೆಯೋ ಅಂತ ಮಾತ್ರ ಕೇಳಿ ತಿಳಿದುಕೊಳ್ಳಿ.

ಕರಡು ಆದ ಮೇಲೆ ಜರ್ಮನಿ ತಂಡವನ್ನು ಒಳಗೆ ಕರೆಯಿರಿ. 1919ರ ಮೇ 7ರಂದು ಹೀಗೇ ಕರೆದು ಕಾಗದ ಕೊಟ್ಟರು. ಬಾಯಿಮಾತಿನ ಚರ್ಚೆ ಇಲ್ಲ, ಏನಿದ್ದರೂ ಬರೆದು ಕೊಡಿ ಅಂದರು. ಜರ್ಮನಿಯ ವಿದೇಶಾಂಗ ಮಂತ್ರಿ ಕೂತುಕೊಂಡೇ ಉತ್ತರ ಓದಿದ್ದು ಗೆದ್ದವರಿಗೆ ಅವಮಾನ ಅನಿಸಿತು. ಜೂನ್‌ನಲ್ಲಿ ಜರ್ಮನ್ ಸರ್ಕಾರವೇ ರಾಜೀನಾಮೆ ಕೊಟ್ಟಿತು, ಹೊಸದಾಗಿ ಬಂದವರು ಸಹಿ ಹಾಕಿದರು. ಜೂನ್ 21ರಂದು, ಸಹಿಗೆ ಒಂದು ವಾರ ಇರುವಾಗ, ಬ್ರಿಟನ್ನಿನ ನೌಕಾನೆಲೆ ಸ್ಕಾಪಾ ಫ್ಲೋದಲ್ಲಿ ಹಿಡಿದಿಟ್ಟಿದ್ದ ತಮ್ಮ ಯುದ್ಧನೌಕೆಗಳನ್ನು ಜರ್ಮನ್ ನಾವಿಕರೇ ಮುಳುಗಿಸಿಬಿಟ್ಟರು.

ನಿಮ್ಮ ಜರ್ಮನಿಗೆ ಒಂದು ತಾಸು ಕೊಡಿ. ಬರೆದುಕೊಟ್ಟ ತಕರಾರಿನಲ್ಲಿ ಎರಡನ್ನಾದರೂ ಗೆದ್ದವರು ಒಪ್ಪಬಹುದು. ಒಪ್ಪದಿದ್ದರೂ ಕಾರಣ ಬರೆಯಬೇಕು. ಇಲ್ಲಿ ಒಂದು ಪರ್ಯಾಯವನ್ನೂ ಹೇಳಿ. 1814–15ರ ವಿಯೆನ್ನಾ ಸಮ್ಮೇಳನದಲ್ಲಿ ಸೋತ ಫ್ರಾನ್ಸಿನ ಟ್ಯಾಲಿರಾಂಡ್ ಮೇಜಿನ ಹತ್ತಿರ ಬಂದು ಕೂತೇಬಿಟ್ಟ. ಸಮಯ ಇದ್ದರೆ ಒಂದು ವಿಷಯವನ್ನು ಎರಡೂ ರೀತಿಯಲ್ಲಿ ಮಾಡಿಸಿ ನೋಡಿ, ಸೋತವರು ಹೊರಗೆ ಇದ್ದಾಗ ಒಮ್ಮೆ, ಒಳಗೆ ಇದ್ದಾಗ ಒಮ್ಮೆ.

ಚೀನಾ ತಂಡದ ಮೇಲೂ ಕಣ್ಣಿರಲಿ. ಒಂದು ಲಕ್ಷಕ್ಕೂ ಹೆಚ್ಚು ಕೂಲಿಗಳನ್ನು ಕಳಿಸಿ ಗೆದ್ದವರ ಸಾಲಿನಲ್ಲಿ ನಿಂತಿದ್ದ ಚೀನಾಕ್ಕೆ ತನ್ನದೇ ಶಾಂಡೋಂಗ್ ಪ್ರಾಂತದ ಮೇಲಿನ ಹಕ್ಕು ಸಿಗಲಿಲ್ಲ, ಅಲ್ಲಿನ ಜರ್ಮನಿಯ ಹಕ್ಕು ಜಪಾನಿಗೆ ಹೋಯಿತು. ಚೀನಾ ಸಹಿ ಹಾಕಲಿಲ್ಲ. ಗೆದ್ದವರಲ್ಲೂ ಸೋತವರಿರುತ್ತಾರೆ.

ಹಂತ 8: ಊರಿಗೆ ಹೋಗಿ ಒಪ್ಪಿಸುವುದು

ಅಣಕು ಸಮ್ಮೇಳನ ಮಾಡಿಸುವ ಬಹಳ ಜನ ಸಹಿ ಆದ ಕೂಡಲೇ ಚಪ್ಪಾಳೆ ಹೊಡೆಸಿ ಫೋಟೊ ತೆಗೆಸಿ ಮುಗಿಸುತ್ತಾರೆ. ನಾನೂ ಎರಡು ವರ್ಷ ಹಾಗೇ ಮಾಡಿದೆ. ಅರ್ಧಕ್ಕೆ ಬಿಟ್ಟಂತೆ ಅದು. ಅನುಮೋದನೆ ಅಂದರೆ ಸಹಿ ಹಾಕಿ ಬಂದವರ ಕಾಗದಕ್ಕೆ ಅವರ ಸಂಸತ್ತು ಹೂಂ ಅನ್ನುವುದು. ಅದು ಆಗುವವರೆಗೆ ಸಹಿ ಬರೀ ಶಾಯಿ.

ಅಮೆರಿಕದ ಅಧ್ಯಕ್ಷ ವಿಲ್ಸನ್ ತಿಂಗಳುಗಟ್ಟಲೆ ಪ್ಯಾರಿಸ್ಸಿನಲ್ಲಿ ಕೂತು ಮಾಡಿದ ಒಪ್ಪಂದವನ್ನು ಅವರದೇ ಸೆನೆಟ್ 1919ರ ನವೆಂಬರ್‌ನಲ್ಲಿ ತಿರಸ್ಕರಿಸಿತು, 1920ರ ಮಾರ್ಚ್‌ನಲ್ಲಿ ಮತ್ತೊಮ್ಮೆ. ಫ್ರಾನ್ಸಿಗೆ ಕೊಟ್ಟ ಭರವಸೆ ಪತ್ರಕ್ಕೂ ಅಲ್ಲಿ ಒಪ್ಪಿಗೆ ಸಿಗಲಿಲ್ಲ. ಅಮೆರಿಕದ್ದು ಇಲ್ಲ ಅಂದ ಮೇಲೆ ಬ್ರಿಟನ್ನಿನದೂ ಬಿದ್ದುಹೋಯಿತು. ರೈನ್ ಸೀಮೆಯ ಬೇಡಿಕೆ ಬಿಟ್ಟು ಫ್ರಾನ್ಸ್ ಪಡೆದ ಆ ಭರವಸೆಗೆ ಕೊನೆಗೆ ಬೆಲೆ ಇಲ್ಲವಾಯಿತು. ಫ್ರಾನ್ಸ್ ತಂಡಕ್ಕೆ ಇದನ್ನು ಹೇಳುವ ಹೊತ್ತು ಈಗ.

ಇದಕ್ಕೆ ಪಕ್ಕದ ತರಗತಿಯ 40 ಜನರನ್ನು ಕರೆತನ್ನಿ. ಅವರು ಸಮ್ಮೇಳನ ನೋಡಿರಬಾರದು. ಪ್ರತಿ ತಂಡದ ಮುಖ್ಯಸ್ಥರು ಐದು ನಿಮಿಷದಲ್ಲಿ ತಮ್ಮ "ಊರಿನವರಿಗೆ" ಏನು ತಂದಿದ್ದೇವೆ ಅಂತ ಹೇಳಬೇಕು. ಆಮೇಲೆ ಕೈ ಎತ್ತುವ ಮತ. ಮೂರನೇ ಎರಡರಷ್ಟು ಬೇಕು. ಒಳಗೆ ಜಾಣತನದಿಂದ ಮಾಡಿದ ಹೊಂದಾಣಿಕೆ ಹೊರಗೆ ಹೇಡಿತನ ಅಂತ ಕಾಣುತ್ತದೆ. ಇದನ್ನು ಎಷ್ಟು ಪುಸ್ತಕ ಓದಿಸಿದರೂ ತಿಳಿಯುವುದಿಲ್ಲ, ಒಮ್ಮೆ ಆ 40 ಜನರ ಮುಖದ ಎದುರು ನಿಲ್ಲಬೇಕು.

ಸಹಿ ಆಗಿಯೂ ನಡೆಯದ ಒಪ್ಪಂದ ನೋಡಬೇಕೆಂದರೆ 1920ರ ಆಗಸ್ಟ್ 10ರ ಸೆವ್ರ್ ಒಪ್ಪಂದ ಇದೆ. ಟರ್ಕಿಯ ಆಟೊಮನ್ ಸಾಮ್ರಾಜ್ಯವನ್ನು ಹರಿದು ಹಂಚಿದ ಕಾಗದ. ನಮ್ಮಲ್ಲಿ ಖಿಲಾಫತ್ ಚಳವಳಿಗೆ ಬಿಸಿ ಏರಿದ್ದು ಇಂಥ ಷರತ್ತುಗಳಿಂದಲೇ. ಟರ್ಕಿಯ ಸೇನಾನಿ ಮುಸ್ತಫಾ ಕೆಮಾಲ್ ಸೈನ್ಯ ಅದನ್ನು ಒಪ್ಪಲಿಲ್ಲ, ಕಾದಿತು, ಗೆದ್ದಿತು. ಮತ್ತೆ ಮೇಜಿಗೆ ಕೂತು 1923ರ ಜುಲೈ 24ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಹೊಸ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಮಹಾಯುದ್ಧದ ನಂತರದ ಒಪ್ಪಂದಗಳಲ್ಲಿ ಹೆಚ್ಚು ಬಾಳಿದ್ದು ಅದೇ. ಆದರೆ ಅದರ ಜೊತೆಗೇ ಗ್ರೀಸ್, ಟರ್ಕಿ ನಡುವೆ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಧರ್ಮ ನೋಡಿ ಅದಲುಬದಲು ಮಾಡಿದರು. ಬಾಳಿದ ಒಪ್ಪಂದ ಅಂತ ಹೊಗಳುವಾಗ ಈ ಲೆಕ್ಕವನ್ನೂ ಹೇಳಬೇಕು.

ಹಂತ 9: ಐದು ವರ್ಷದ ಚೀಟಿ

ಇದು ನನ್ನದೇ ಸೇರ್ಪಡೆ. ಮೊದಲೇ ಆರು ಚೀಟಿ ಬರೆದು ಡಬ್ಬಿಯಲ್ಲಿ ಹಾಕಿಡಿ. "ಜರ್ಮನಿ ಎರಡು ಕಂತು ಕಟ್ಟಿಲ್ಲ." "ಅಮೆರಿಕ ಹಿಂದೆ ಸರಿಯಿತು." "ಗಡಿಯ ಊರಿನಲ್ಲಿ ದಂಗೆ." "ಒಪ್ಪಂದಕ್ಕೆ ಸಹಿ ಹಾಕಿದ ಮಂತ್ರಿಯ ಕೊಲೆ." "ರೊಟ್ಟಿಯ ಬೆಲೆ ನೂರು ಪಟ್ಟು." "ಎಲ್ಲ ಸರಿಯಾಗಿದೆ." ಕೊನೆಗೆ ಒಬ್ಬರಿಂದ ಒಂದು ಎತ್ತಿಸಿ. ಬಂದ ಪರಿಸ್ಥಿತಿಗೆ ಅವರೇ ಬರೆದ 20 ಕಲಂಗಳಲ್ಲಿ ಉತ್ತರ ಹುಡುಕಲಿ. ಯಾವ ಕಲಂ, ಯಾರು ಬರುತ್ತಾರೆ, ಎಷ್ಟು ದಿನದಲ್ಲಿ? ಸಿಗಲಿಲ್ಲ ಅಂದರೆ ಬೋರ್ಡಿನ ಮೇಲೆ ಸೊನ್ನೆ.

ಅಂಕ ಕೊಡುವುದಾದರೆ ಮಾತಿನ ಜೋರಿಗೆ ಕೊಡಬೇಡಿ. ಲಕೋಟೆಯಲ್ಲಿದ್ದದ್ದು ಎಷ್ಟು ಸಿಕ್ಕಿತು ಅನ್ನುವುದಕ್ಕೆ ಅರ್ಧ, ಚೀಟಿ ಬಂದಾಗ ಒಪ್ಪಂದ ನಿಂತಿತೇ ಅನ್ನುವುದಕ್ಕೆ ಅರ್ಧ.

ಚೀಟಿ ಎತ್ತಿದ ಮೇಲೆ ಪ್ರತಿ ವರ್ಷವೂ ಒಂದೇ ಮಾತು: "ಸರ್, ಒಂದ್ ತಾಸ್ ಕೊಡ್ರಿ, ಹದಿನಾಕನೇ ಕಲಂ ತಿದ್ದಿ ಕೊಡ್ತೀವಿ." ಕೊಡಬೇಡಿ. ಕಾಗದ ಇಸಿದುಕೊಂಡು ಕಪಾಟಿನಲ್ಲಿಟ್ಟು ಕೀಲಿ ಹಾಕಿ. ಮುಂದಿನ ವರ್ಷದ ಬ್ಯಾಚಿಗೆ ಮೊದಲ ದಿನ ಬೆಳಿಗ್ಗೆ ಅದನ್ನೇ ಕೊಟ್ಟು, ಇದರಲ್ಲಿ ಮೊದಲು ಮುರಿಯುವ ಕಲಂ ಯಾವುದು ಹುಡುಕಿ ಅನ್ನಿ.